ಹಸಿರು ಉತ್ಪಾದನೆ ಅಂದ್ರೆ ಏನು? ಒಂದು ಮೋಟರ್‌ನಿಂದ ಶುರು ಮಾಡೋಣ

ನಾನಿರುವ ಕುಕ್ ಟೌನ್‌ನಿಂದ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಜಾಗಕ್ಕೆ ಕೆಲವೇ ಕಿಲೋಮೀಟರ್. ಜರ್ಮನಿಯ ಎಇಜಿ ಸಹಯೋಗದಲ್ಲಿ ಮೋಟರ್, ಟ್ರಾನ್ಸ್‌ಫಾರ್ಮರ್ ತಯಾರಿಸುತ್ತಿದ್ದ ಈ ಸರ್ಕಾರಿ ಕಾರ್ಖಾನೆ 2002ರಲ್ಲಿ ಮುಚ್ಚಿತು. ಅಲ್ಲೀಗ ಟ್ರೀ ಪಾರ್ಕ್ ಮಾಡುವ ಯೋಜನೆ ಇದೆ. ಕಾರ್ಖಾನೆ ಹೋಗಿ ಮರ ಬಂದರೆ ಅದನ್ನು ಹಸಿರು ಅನ್ನೋದು ಸುಲಭ. ಕಾರ್ಖಾನೆಯೂ ಇರಬೇಕು, ಕೆಲಸವೂ ಇರಬೇಕು, ಹೊಗೆ ಮತ್ತು ವಿಷ ಮಾತ್ರ ಕಡಿಮೆಯಾಗಬೇಕು ಅನ್ನೋದು ಕಷ್ಟದ ಪ್ರಶ್ನೆ.

ಏನಿದು?

ಅದೇ ವಸ್ತುವನ್ನು ಕಡಿಮೆ ವಿದ್ಯುತ್, ನೀರು, ಕಚ್ಚಾವಸ್ತು ಬಳಸಿ, ಕಡಿಮೆ ತ್ಯಾಜ್ಯದೊಂದಿಗೆ ತಯಾರಿಸುವುದೇ ಹಸಿರು ಉತ್ಪಾದನೆ. ಛಾವಣಿಯ ಸೋಲಾರ್ ಪ್ಯಾನೆಲ್ ಅದರ ಒಂದು ಭಾಗ ಅಷ್ಟೇ. ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳನ್ನೇ ನೋಡಿ. ಬಿಡಿಭಾಗ ಒಂದು ದಿಕ್ಕಿಗೆ, ತೊಳೆಯುವ ನೀರು ಎದುರು ದಿಕ್ಕಿಗೆ ಸಾಗುವಂತೆ ತೊಟ್ಟಿಗಳನ್ನು ಜೋಡಿಸಿದರೆ, ಒಂದೇ ನೀರು ಹಲವು ತೊಟ್ಟಿಗಳಲ್ಲಿ ಕೆಲಸಕ್ಕೆ ಬರುತ್ತೆ. ಸಂಸ್ಕರಿಸಬೇಕಾದ ಕೊಳಕು ನೀರೂ ಕಡಿಮೆಯಾಗುತ್ತೆ.

ಲೆಕ್ಕ

ಇಂಜಿನಿಯರಿಂಗ್ ಓದಿದ ಚಾಳಿ, ಲೆಕ್ಕ ಹಾಕದೆ ನಂಬಿಕೆ ಬರಲ್ಲ. 10 ಎಚ್‌ಪಿ ಮೋಟರ್ ತಗೊಳ್ಳಿ. ಹಳೆಯ ಐಇ1 ದರ್ಜೆಯ ದಕ್ಷತೆ ಶೇ 86, ಐಇ3 ದರ್ಜೆಯದ್ದು ಶೇ 90.4. ವರ್ಷಕ್ಕೆ 6,000 ಗಂಟೆ ಪೂರ್ಣ ಹೊರೆಯಲ್ಲಿ ಓಡಿದರೆ ಸುಮಾರು 2,500 ಯೂನಿಟ್ ಉಳಿತಾಯ. ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 17 ಸಾವಿರಕ್ಕೂ ಹೆಚ್ಚು. ಹಾಗಾದರೆ ಎಲ್ಲರೂ ಯಾಕೆ ಬದಲಾಯಿಸಲ್ಲ? ಉಳಿತಾಯ ತಿಂಗಳು ತಿಂಗಳು ಚೂರುಚೂರಾಗಿ ಬರುತ್ತೆ, ಮೋಟರ್‌ನ ದುಡ್ಡು ಮಾತ್ರ ಇವತ್ತೇ ಕೊಡಬೇಕು. ಕೆಟ್ಟ ಮೋಟರ್‌ಗೆ ರಿವೈಂಡಿಂಗ್ ಮಾಡಿಸಿ ಮತ್ತೆ ಓಡಿಸೋದು ಸಣ್ಣ ವರ್ಕ್‌ಶಾಪ್‌ಗೆ ಸುಲಭದ ದಾರಿ.

ಯಾರು ಹೊರಗುಳಿದರು?

2022ರ ಕೇಂದ್ರ ನಿಯಮದಂತೆ, ಹಸಿರು ವಿದ್ಯುತ್ತನ್ನು ಉತ್ಪಾದಕರಿಂದ ನೇರವಾಗಿ ಕೊಳ್ಳಲು ಕನಿಷ್ಠ 100 ಕಿಲೋವ್ಯಾಟ್ ಬೇಡಿಕೆ ಇರಬೇಕು. ಮೊದಲು ಈ ಮಿತಿ 1 ಮೆಗಾವ್ಯಾಟ್ ಇತ್ತು. ಇಳಿದದ್ದು ಒಳ್ಳೆಯದೇ, ಆದರೆ ನಾಲ್ಕು ಯಂತ್ರದ ಶೆಡ್‌ಗೆ ಅದೂ ಎಟುಕಲ್ಲ. ಇತ್ತ ಐರೋಪ್ಯ ಒಕ್ಕೂಟದ ಗಡಿ ಇಂಗಾಲ ಶುಲ್ಕದ ವ್ಯವಸ್ಥೆ 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಯಾಗಿದೆ. ಉಕ್ಕು, ಅಲ್ಯೂಮಿನಿಯಂ ಜೊತೆಗೆ ಬೋಲ್ಟ್, ಸ್ಕ್ರೂ ಕೂಡ ಆ ಪಟ್ಟಿಯಲ್ಲಿವೆ. ಇಂಗಾಲದ ಲೆಕ್ಕ ಕೊಡಲಾಗದ ಸಣ್ಣ ಘಟಕ ಆರ್ಡರ್ ಕಳೆದುಕೊಂಡರೆ, ಮೊದಲು ಕೆಲಸ ಹೋಗೋದು ಗುತ್ತಿಗೆ ಕಾರ್ಮಿಕರದ್ದು.

ಹಾಗಾಗಿ ನನ್ನ ವಾದ ಇಷ್ಟೇ: ಹೊಸ ಮೋಟರ್‌ನ ಕಂತನ್ನು ಬೆಸ್ಕಾಂ ಬಿಲ್‌ನಲ್ಲೇ, ಉಳಿದ ಯೂನಿಟ್‌ಗಳ ದುಡ್ಡಿನಿಂದ ತೀರಿಸುವ ವ್ಯವಸ್ಥೆ ಬರಲಿ. ಮುಂದಿನ ಸಲ ಯಾವುದಾದರೂ ಕಂಪನಿ ಅಥವಾ ಮಂತ್ರಿ 'ಹಸಿರು ಉದ್ಯಮ' ಅಂದಾಗ ಮೂರು ಪ್ರಶ್ನೆ ಕೇಳಿ. ಒಂದು ಟನ್ ಉತ್ಪಾದನೆಗೆ ಎಷ್ಟು ವಿದ್ಯುತ್, ಎಷ್ಟು ನೀರು? ಒಟ್ಟು ಮಾಲಿನ್ಯ ಇಳಿಯಿತಾ, ಏರಿತಾ? ಬದಲಾವಣೆಯ ಖರ್ಚು ಯಾರ ತಲೆ ಮೇಲೆ ಬಿತ್ತು?