ಗುರುತು ಮತ್ತು ಮೂಲ: ಪ್ರಯೋಗಾಲಯದ ಪುನಸ್ಸಂಯೋಜಿತ ಮಾನವ ಪ್ರೋಟೀನಿನ ಚರಿತ್ರೆ

ಜೀವವಿಜ್ಞಾನದ ಪ್ರಯೋಗಾಲಯಗಳ ಶೀತಕಪಾಟುಗಳಲ್ಲಿ ಕಿರುಬೆರಳಿನಷ್ಟು ಗಾತ್ರದ ಸೀಸೆಗಳನ್ನು ಇರಿಸಿರುತ್ತಾರೆ. ಅವುಗಳೊಡನೆ ಬರುವ ವಿವರಪತ್ರದಲ್ಲಿ ಸಾಮಾನ್ಯವಾಗಿ ನಾಲ್ಕು ಸಂಗತಿಗಳು ನಮೂದಾಗಿರುತ್ತವೆ: ಪ್ರೋಟೀನಿನ ಹೆಸರು, ಅದು ಮಾನವನದು ಎಂಬ ಸೂಚನೆ, ಅದನ್ನು ತಯಾರಿಸಿದ ಆತಿಥೇಯ ಜೀವಿಯ ಹೆಸರು, ಅದಕ್ಕೆ ಜೋಡಿಸಿದ ಗುರುತು ಅರ್ಥಾತ್ ಟ್ಯಾಗ್. ಇವುಗಳ ಕೆಳಗೆ ‘ಸಂಶೋಧನೆಯ ಬಳಕೆಗೆ ಮಾತ್ರ’ ಎಂಬ ಎಚ್ಚರಿಕೆ ಇರುತ್ತದೆ. ಸೀಸೆಯೊಳಗಿನ ಪ್ರೋಟೀನು ಯಾವ ಮನುಷ್ಯನ ದೇಹದಿಂದಲೂ ಬಂದುದಲ್ಲ. ಹಾಗಿದ್ದರೂ ಅದು ‘ಮಾನವ’ ಪ್ರೋಟೀನು. ಈ ಹೆಸರು ಯಾವ ಅರ್ಥದಲ್ಲಿ ಸಲ್ಲುತ್ತದೆ, ಅದಕ್ಕೆ ಅಂಟಿಸಿದ ಗುರುತು ಏನನ್ನು ಹೇಳುತ್ತದೆ ಮತ್ತು ಏನನ್ನು ಹೇಳುವುದಿಲ್ಲ ಎಂಬುದನ್ನು ಚಾರಿತ್ರಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪಠ್ಯ, ವಕ್ತೃ, ಸಂಗ್ರಹ ಎಂಬ ಪರಿಕಲ್ಪನೆಗಳೊಡನೆ ಕೆಲಸ ಮಾಡುವ ಜಾನಪದ ವಿದ್ಯಾರ್ಥಿಗೆ ಈ ಪ್ರಶ್ನೆ ಅಪರಿಚಿತವಾದುದೇನಲ್ಲ.

ಪಠ್ಯವಾಗಿ ಬಂದ ಮಾನವ

1973ರಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ಅವರು ಒಂದು ಜೀವಿಯ ಡಿಎನ್‌ಎ ತುಣುಕನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ವೃದ್ಧಿಪಡಿಸುವ ವಿಧಾನವನ್ನು ರೂಪಿಸಿದರು. ಈ ವಿಧಾನದಿಂದ ಮಾನವ ದೇಹದಲ್ಲಿರುವ ಹಾರ್ಮೋನೊಂದನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮೊದಲ ಪ್ರಯೋಗ 1977ರಲ್ಲಿ ಪ್ರಕಟವಾಯಿತು. ಆ ಹಾರ್ಮೋನು ಸೊಮ್ಯಾಟೊಸ್ಟ್ಯಾಟಿನ್. ಅದು ಕೇವಲ 14 ಅಮೈನೋ ಆಮ್ಲಗಳ ಸರಪಳಿ. ಕೆಇಚಿ ಇಟಾಕುರಾ, ಆರ್ಥರ್ ರಿಗ್ಸ್, ಬಾಯರ್ ಮತ್ತು ಅವರ ಸಹೋದ್ಯೋಗಿಗಳು ಇದರ ಜೀನನ್ನು ಯಾವ ಅಂಗಾಂಶದಿಂದಲೂ ತೆಗೆಯಲಿಲ್ಲ. ಹಾರ್ಮೋನಿನ ಅಮೈನೋ ಆಮ್ಲಗಳ ಅನುಕ್ರಮವನ್ನು ಓದಿಕೊಂಡು, ಅದಕ್ಕೆ ತಕ್ಕ ಡಿಎನ್‌ಎಯನ್ನು ರಾಸಾಯನಿಕವಾಗಿ ಜೋಡಿಸಿದರು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಪ್ರಯೋಗಾಲಯಕ್ಕೆ ಬಂದುದು ಪದಾರ್ಥವಲ್ಲ, ಪಾಠ. ‘ಮಾನವ’ ಎಂಬುದು ಅಕ್ಷರಕ್ರಮದ ಲಕ್ಷಣವಾಯಿತೇ ಹೊರತು ದೇಹದ ಲಕ್ಷಣವಾಗಿ ಉಳಿಯಲಿಲ್ಲ. ಎರಡನೆಯದಾಗಿ, ಆ ಕಿರುಹಾರ್ಮೋನು ಬ್ಯಾಕ್ಟೀರಿಯಾದೊಳಗೆ ಒಂಟಿಯಾಗಿ ಉಳಿಯಲಿಲ್ಲ. ಅಲ್ಲಿನ ಕಿಣ್ವಗಳು ಅದನ್ನು ಚೂರುಮಾಡುತ್ತಿದ್ದವು. ಆದುದರಿಂದ ಅದನ್ನು ಬ್ಯಾಕ್ಟೀರಿಯಾದ್ದೇ ಆದ ಬೀಟಾ-ಗ್ಯಾಲಕ್ಟೊಸಿಡೇಸ್ ಎಂಬ ದೊಡ್ಡ ಪ್ರೋಟೀನಿನ ತುದಿಗೆ ಬೆಸೆಯಲಾಯಿತು. ಬೆಸುಗೆಯ ಜಾಗದಲ್ಲಿ ಮೆಥಿಯೊನೀನ್ ಎಂಬ ಅಮೈನೋ ಆಮ್ಲವನ್ನಿಟ್ಟು, ಬಳಿಕ ಅಲ್ಲಿಯೇ ಕತ್ತರಿಸುವ ಸಯನೊಜೆನ್ ಬ್ರೋಮೈಡ್‌ನಿಂದ ಹಾರ್ಮೋನನ್ನು ಬಿಡಿಸಿಕೊಂಡರು. ಹೀಗೆ ಪರಕೀಯ ಜೋಡಣೆಯು ಈ ಚರಿತ್ರೆಯಲ್ಲಿ ಮೊದಲು ಕಾಣಿಸಿಕೊಂಡುದು ಗುರುತಾಗಿ ಅಲ್ಲ, ಕಾವಲಾಗಿ. 1978ರಲ್ಲಿ ಮಾನವ ಇನ್ಸುಲಿನ್ನಿನ 21 ಮತ್ತು 30 ಅಮೈನೋ ಆಮ್ಲಗಳ ಎರಡು ಸರಪಳಿಗಳನ್ನೂ ಇದೇ ಕ್ರಮದಲ್ಲಿ ಪ್ರತ್ಯೇಕವಾಗಿ ತಯಾರಿಸಿ ಕೂಡಿಸಲಾಯಿತು. 1982ರಲ್ಲಿ ಅಮೆರಿಕದಲ್ಲಿ ಅದು ಔಷಧವಾಗಿ ಮಾನ್ಯತೆ ಪಡೆಯಿತು.

ಕಾವಲಿನಿಂದ ಗುರುತಿಗೆ

ಬ್ಯಾಕ್ಟೀರಿಯಾವನ್ನು ಒಡೆದಾಗ ಬಯಸಿದ ಪ್ರೋಟೀನಿನೊಡನೆ ಅದರ ಸ್ವಂತದ ಸಾವಿರಾರು ಬಗೆಯ ಪ್ರೋಟೀನುಗಳೂ ಹೊರಬರುತ್ತವೆ. ಅವುಗಳ ನಡುವಿನಿಂದ ಒಂದನ್ನು ಹೆಕ್ಕುವುದು ಮುಂದಿನ ಸಮಸ್ಯೆಯಾಯಿತು. ಪ್ರತಿಯೊಂದು ಪ್ರೋಟೀನಿಗೂ ಬೇರೆಬೇರೆ ಶುದ್ಧೀಕರಣ ಕ್ರಮವನ್ನು ಹುಡುಕುವ ಬದಲು, ಎಲ್ಲಕ್ಕೂ ಒಂದೇ ಹಿಡಿಕೆಯನ್ನು ಜೋಡಿಸಬಹುದೆಂಬ ಆಲೋಚನೆ 1980ರ ದಶಕದಲ್ಲಿ ಬಲಗೊಂಡಿತು. ಸ್ವೀಡನ್ನಿನ ಮಥಿಯಾಸ್ ಉಲೇನ್ ಮತ್ತು ಸಂಗಡಿಗರು 1983ರಲ್ಲಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ಪ್ರೋಟೀನ್-ಎ ಅನ್ನು ಇದಕ್ಕಾಗಿ ಬಳಸಿದರು. 1988ರಲ್ಲಿ ಮೆಲ್ಬರ್ನಿನ ಡೊನಾಲ್ಡ್ ಸ್ಮಿತ್ ಮತ್ತು ಕೆವಿನ್ ಜಾನ್ಸನ್ ಅವರು ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಎಂಬ ಕಿಣ್ವವನ್ನು ಗುರುತಾಗಿ ಬಳಸುವ ವಿಧಾನವನ್ನು ಪ್ರಕಟಿಸಿದರು. ಈ ಕಿಣ್ವ ಮನುಷ್ಯನ ರಕ್ತನಾಳಗಳಲ್ಲಿ ನೆಲೆಸುವ ಶಿಸ್ಟೊಸೋಮಾ ಎಂಬ ಪರಾವಲಂಬಿ ಹುಳುವಿನದು. ಅದೇ ವರ್ಷ ಎಂಟು ಅಮೈನೋ ಆಮ್ಲಗಳ ‘ಫ್ಲ್ಯಾಗ್’ ಎಂಬ ಕೃತಕ ಗುರುತು ಬಂದಿತು.

ಇವೆಲ್ಲಕ್ಕಿಂತ ವ್ಯಾಪಕವಾಗಿ ಬಳಕೆಗೆ ಬಂದುದು ಹಿಸ್ಟಿಡಿನ್ ಗುರುತು. ಕೆಲವು ಲೋಹದ ಅಯಾನುಗಳಿಗೆ ಹಿಸ್ಟಿಡಿನ್ ಅಂಟಿಕೊಳ್ಳುತ್ತದೆಂಬ ಗುಣವನ್ನು ಬಳಸಿ ಪ್ರೋಟೀನುಗಳನ್ನು ಬೇರ್ಪಡಿಸುವ ಕ್ರಮವನ್ನು ಸ್ವೀಡನ್ನಿನ ಯೆರ್ಕರ್ ಪೋರಾತ್ ಮತ್ತು ಸಹೋದ್ಯೋಗಿಗಳು 1975ರಲ್ಲಿಯೇ ವಿವರಿಸಿದ್ದರು. ಸ್ವಿಟ್ಜರ್ಲೆಂಡಿನ ರೋಶ್ ಸಂಸ್ಥೆಯ ಎರಿಕ್ ಹೋಖುಲಿ ಮತ್ತು ತಂಡದವರು 1987 ಮತ್ತು 1988ರ ಲೇಖನಗಳಲ್ಲಿ ನಿಕಲ್ಲನ್ನು ಗಟ್ಟಿಯಾಗಿ ಹಿಡಿದಿಡುವ ಹೊಸ ಆಧಾರವಸ್ತುವನ್ನೂ, ಪ್ರೋಟೀನಿನ ತುದಿಗೆ ಹಿಸ್ಟಿಡಿನ್ನುಗಳ ಸಾಲನ್ನು ಸೇರಿಸುವ ಕ್ರಮವನ್ನೂ ಮಂಡಿಸಿದರು. ಸಾಮಾನ್ಯವಾಗಿ ಆರು ಹಿಸ್ಟಿಡಿನ್ನುಗಳು ಸಾಕು. ಮಿಶ್ರಣವನ್ನು ನಿಕಲ್ ಸ್ತಂಭದ ಮೂಲಕ ಹರಿಸಿದರೆ ಗುರುತುಳ್ಳ ಪ್ರೋಟೀನು ಅಂಟಿ ನಿಲ್ಲುತ್ತದೆ, ಉಳಿದವು ಬಹುಮಟ್ಟಿಗೆ ತೊಳೆದುಹೋಗುತ್ತವೆ. ಬಳಿಕ ಇಮಿಡಜೋಲ್ ದ್ರಾವಣವನ್ನು ಹರಿಸಿ ಅಂಟಿದುದನ್ನು ಬಿಡಿಸಿಕೊಳ್ಳುತ್ತಾರೆ.

ಗುರುತಿನ ಮಿತಿ

ಅಗಸರು ಬಟ್ಟೆಯ ಅಂಚಿಗೆ ಕೇರುಬೀಜದ ರಸದಿಂದ ಹಾಕುತ್ತಿದ್ದ ಗುರುತನ್ನು ಇಲ್ಲಿ ನೆನೆಯಬಹುದು. ಆ ಗುರುತು ಬಟ್ಟೆಯ ನೇಯ್ಗೆಯನ್ನಾಗಲೀ ಬೆಲೆಯನ್ನಾಗಲೀ ಹೇಳುವುದಿಲ್ಲ. ರಾಶಿಯಿಂದ ಬೇರ್ಪಡಿಸುವವನ ಅನುಕೂಲಕ್ಕಾಗಿ ಅದು ಹುಟ್ಟಿದೆ. ಒಗೆದರೆ ಹೋಗುವುದೂ ಇಲ್ಲ. ಪ್ರೋಟೀನಿನ ಗುರುತಿನ ಸ್ವಭಾವವೂ ಇಂಥದೇ. ಮಡಿಕೆ ತಪ್ಪಿ ನಿಷ್ಕ್ರಿಯವಾದ ಪ್ರೋಟೀನು ಕೂಡ ಹಿಸ್ಟಿಡಿನ್ ಸಾಲಿನ ಬಲದಿಂದ ಸ್ತಂಭಕ್ಕೆ ಅಂಟುತ್ತದೆ. ಸಹಜವಾಗಿಯೇ ಹಿಸ್ಟಿಡಿನ್ ಹೆಚ್ಚಾಗಿರುವ ಬ್ಯಾಕ್ಟೀರಿಯಾದ ಪ್ರೋಟೀನುಗಳು ಗುರುತಿಲ್ಲದಿದ್ದರೂ ಜೊತೆಗೆ ಸೇರಿಕೊಳ್ಳುತ್ತವೆ. ಹುಳುವಿನ ಕಿಣ್ವದ ಗುರುತು ತನ್ನಂಥದೇ ಮತ್ತೊಂದರೊಡನೆ ಜೋಡಿಯಾಗುವ ಗುಣವುಳ್ಳದ್ದು. ಆದುದರಿಂದ ಒಂಟಿಯಾಗಿರಬೇಕಾದ ಪ್ರೋಟೀನು ಜೋಡಿಯಂತೆ ತೋರಬಹುದು. ಟೊಬ್ಯಾಕೊ ಎಚ್ ವೈರಸ್ಸಿನ ಕಿಣ್ವದಂಥವುಗಳಿಂದ ಗುರುತನ್ನು ಕತ್ತರಿಸಿ ತೆಗೆಯುವ ಕ್ರಮವಿದೆ. ಆದರೆ ಹೀಗೆ ತೆಗೆದ ಬಳಿಕವೂ ಅನೇಕ ವೇಳೆ ಒಂದೆರಡು ಪರಕೀಯ ಅಮೈನೋ ಆಮ್ಲಗಳು ತುದಿಯಲ್ಲಿ ಉಳಿಯುತ್ತವೆ.

ಸಂಶೋಧನೆಯ ಸೀಸೆಗೂ ಔಷಧದ ಸೀಸೆಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಮಾರುಕಟ್ಟೆಗೆ ತಂದ ಮಾನವ ಇನ್ಸುಲಿನ್ ಪಿಚಿಯಾ ಎಂಬ ಯೀಸ್ಟಿನಲ್ಲಿ ತಯಾರಾದುದು. ರೋಗಿಯ ದೇಹವನ್ನು ಸೇರುವ ಮಾನವ ಇನ್ಸುಲಿನ್ನಿನ ಪಾಠ ಮಾನವ ಪಾಠಕ್ಕೆ ತದ್ವತ್ತಾಗಿರಬೇಕು. ಪ್ರಯೋಗಾಲಯದ ಪ್ರೋಟೀನು ತನ್ನ ಗುರುತನ್ನು ಹೊತ್ತೇ ಇರಬಹುದು. ಓದುವವನು ಆ ಸೇರ್ಪಡೆಯನ್ನು ಅರಿತಿರಬೇಕು, ಅಷ್ಟೇ.

ಆತಿಥೇಯ ಮತ್ತು ಅನಾಮಿಕ

ಬ್ಯಾಕ್ಟೀರಿಯಾಗಳು ಮಾನವ ಪ್ರೋಟೀನುಗಳಿಗೆ ಸಕ್ಕರೆಯ ಸರಪಳಿಗಳನ್ನು ಮಾನವ ಕೋಶಗಳಂತೆ ಜೋಡಿಸಲಾರವು. ಆದುದರಿಂದ ಅನೇಕ ಪ್ರೋಟೀನುಗಳನ್ನು ಎಚ್‌ಇಕೆ 293 ಎಂಬ ಮಾನವ ಕೋಶಸಂತತಿಯಲ್ಲಿ ತಯಾರಿಸುತ್ತಾರೆ. 1973ರಲ್ಲಿ ನೆದರ್‌ಲೆಂಡಿನ ಲೈಡನ್‌ನಲ್ಲಿ, ಅಲೆಕ್ಸ್ ವಾನ್ ಡೆರ್ ಎಬ್ ಅವರ ಪ್ರಯೋಗಾಲಯದಲ್ಲಿ, ಫ್ರಾಂಕ್ ಗ್ರಹಾಂ ಅವರು ಮಾನವ ಭ್ರೂಣದ ಮೂತ್ರಪಿಂಡದ ಕೋಶಗಳಿಂದ ಇದನ್ನು ರೂಪಿಸಿದರು. ಹೆಸರಿನಲ್ಲಿರುವ 293 ಎಂಬುದು ಗ್ರಹಾಂ ಅವರ ಪ್ರಯೋಗದ ಕ್ರಮಸಂಖ್ಯೆ. ಅಂದರೆ ಪ್ರಯೋಗದ ಎಣಿಕೆ ಹೆಸರಾಗಿ ಉಳಿಯಿತು. ಕೋಶಗಳು ಬಂದ ಮೂಲ ಅನಾಮಿಕವಾಗಿಯೇ ಉಳಿಯಿತು. ಪಾಠದ ರೂಪದಲ್ಲಿ ಬಂದ ಸೊಮ್ಯಾಟೊಸ್ಟ್ಯಾಟಿನ್ನಿಗೆ ದಾನಿ ಇರಲೇ ಇಲ್ಲ. ಇಲ್ಲಿಯಾದರೋ ದೇಹವೊಂದು ಇತ್ತು, ಚೀಟಿಯಲ್ಲಿ ಮಾತ್ರ ಅದಕ್ಕೆ ಸ್ಥಳವಿರಲಿಲ್ಲ. ಇವೆರಡನ್ನೂ ‘ಮಾನವ’ ಎಂಬ ಒಂದೇ ಪದದಿಂದ ಸೂಚಿಸುವಾಗ ಈ ವ್ಯತ್ಯಾಸ ಮರೆಯಾಗುತ್ತದೆ.

ಸಂಗ್ರಹಕಾರರಿಗೆ ಒಂದು ಪಾಠ

ಜಾನಪದ ಶಾಸ್ತ್ರವೂ ಇಂಥ ಗುರುತುಗಳನ್ನು ನಿರ್ಮಿಸಿದೆ. ಆಂಟಿ ಆರ್ನೆ 1910ರಲ್ಲಿ ಆರಂಭಿಸಿ, ಸ್ಟಿತ್ ಥಾಮ್ಸನ್ 1928 ಮತ್ತು 1961ರಲ್ಲಿ ವಿಸ್ತರಿಸಿ, ಹಾನ್ಸ್-ಯೋರ್ಗ್ ಉಥರ್ 2004ರಲ್ಲಿ ಪರಿಷ್ಕರಿಸಿದ ಕಥಾವರ್ಗ ಸೂಚಿಯ ಸಂಖ್ಯೆಗಳು ರಾಶಿಯಿಂದ ಒಂದು ಕಥೆಯನ್ನು ಹೆಕ್ಕಿಕೊಡುತ್ತವೆ. ಆ ಸಂಖ್ಯೆ ಕಥೆಯಲ್ಲಿ ಇಲ್ಲ, ನಾವು ಜೋಡಿಸಿದ್ದು. ಅದರ ಉಪಯುಕ್ತತೆ ನಿರ್ವಿವಾದ. ಆದರೆ ನಮ್ಮ ಹಳೆಯ ಸಂಗ್ರಹಗಳಲ್ಲಿ ಪಾಠವಿದ್ದು ಹಾಡಿದವಳ ಹೆಸರಿಲ್ಲದ, ಊರಿದ್ದು ಸಂದರ್ಭವಿಲ್ಲದ, ಸಂಪಾದಕ ಸೇರಿಸಿದ ಸಾಲು ಯಾವುದೆಂದು ತಿಳಿಯದ ಪುಟಗಳು ಅನೇಕ.

ಪ್ರೋಟೀನಿನ ವಿವರಪತ್ರವು ಈ ವಿಷಯದಲ್ಲಿ ನಮಗಿಂತ ಮುಂದಿದೆ ಎಂಬುದನ್ನು ಒಪ್ಪಬೇಕಾಗುತ್ತದೆ. ಯಾವ ಗುರುತನ್ನು, ಸರಪಳಿಯ ಯಾವ ತುದಿಗೆ ಸೇರಿಸಲಾಗಿದೆ, ಪೂರ್ಣ ಪಾಠವೋ ಭಾಗಶಃ ಪಾಠವೋ, ಯಾವ ಆತಿಥೇಯದಲ್ಲಿ ತಯಾರಾಯಿತು ಎಂಬುದನ್ನು ಒಳ್ಳೆಯ ವಿವರಪತ್ರ ಹೇಳುತ್ತದೆ. ತಾನು ಸೇರಿಸಿದುದನ್ನು ಅದು ಮರೆಮಾಚುವುದಿಲ್ಲ. ಅದು ಹಿಂದೆ ಬಿದ್ದಿರುವುದು ಮೂಲದ ವಿಷಯದಲ್ಲಿ. ಆ ಕೊರತೆಯಲ್ಲಿ ಎರಡು ಶಾಸ್ತ್ರಗಳೂ ಸಮಾನ ಪಾಲುದಾರರು. ಹಿಡಿಯಲು ನೆರವಾಗುವ ಗುರುತು ಬೇರೆ, ಮೂಲವನ್ನು ನೆನಪಿನಲ್ಲಿಡುವ ದಾಖಲೆ ಬೇರೆ. ಮೊದಲನೆಯದು ಸಂಶೋಧಕನ ಅನುಕೂಲ. ಎರಡನೆಯದು ಅವನ ಋಣ. ಯಾವುದೇ ಸಂಗ್ರಹಾಲಯದ ಚೀಟಿಯಲ್ಲಿ ಇವೆರಡಕ್ಕೂ ಪ್ರತ್ಯೇಕ ಸ್ಥಳವಿರಬೇಕೆಂಬುದು ಈ ಕಿರುಚರಿತ್ರೆಯಿಂದ ನಾವು ಪಡೆಯಬಹುದಾದ ತಿಳಿವಳಿಕೆ.