ಹನ್ನೆರಡು ವರ್ಷ ತೆರೆದೇ ಇದ್ದ ಕಿಂಡಿ

ಲಿನಕ್ಸಿನಲ್ಲಿ ಪೂರ್ತಿ ಅಧಿಕಾರ ಇರುವುದು 'ರೂಟ್' ಎಂಬ ಯಜಮಾನನಿಗೆ ಮಾತ್ರ. ಆದರೆ ಪಾಸ್‌ವರ್ಡ್ ಬದಲಿಸುವಂಥ ಸಣ್ಣ ಕೆಲಸಕ್ಕೂ ಆ ಅಧಿಕಾರ ಸ್ವಲ್ಪ ಹೊತ್ತು ಎರವಲು ಬೇಕಲ್ಲ? ಅದಕ್ಕೆಂದೇ ಡೆನ್ನಿಸ್ ರಿಚಿ ಯುನಿಕ್ಸಿಗೆ 'ಸೆಟ್‌ಯುಐಡಿ' ಗುರುತನ್ನು ತಂದರು. 1979ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ಈ ಗುರುತಿರುವ ಪ್ರೋಗ್ರಾಮನ್ನು ಯಾರೇ ಓಡಿಸಲಿ, ಅದು ಓಡುವುದು ತನ್ನ ಒಡೆಯನ ಅಧಿಕಾರದಲ್ಲಿ.

2009ರಲ್ಲಿ ಬಂದ ಪಿಕೆಎಕ್ಸೆಕ್ ಇದೇ ಬಗೆಯದು. ಅನುಮತಿ ಇದೆಯೇ ಎಂದು ವಿಚಾರಿಸಿ, ಬೇರೆ ಪ್ರೋಗ್ರಾಮನ್ನು ರೂಟ್ ಆಗಿ ಶುರು ಮಾಡಿಕೊಡುವುದು ಅದರ ಕೆಲಸ. ಏನನ್ನು ಓಡಿಸಬೇಕು ಎಂದು ಅದಕ್ಕೊಂದು ಪಟ್ಟಿ ಕೊಡುತ್ತೇವೆ. ಪಟ್ಟಿ ಪೂರ್ತಿ ಖಾಲಿಯಿದ್ದರೆ? ಆ ಯೋಚನೆಯೇ ಅದರಲ್ಲಿರಲಿಲ್ಲ! ಪಟ್ಟಿಯ ಆಚೆಗಿದ್ದ ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು ಓದಿ, ಅಲ್ಲೇ ಬರೆದೂಬಿಡುತ್ತಿತ್ತು. ಅಪಾಯವೆಂದು ಸಿಸ್ಟಮ್ ಮೊದಲೇ ತೆಗೆದುಹಾಕಿದ್ದ ವೇರಿಯಬಲ್ ಹೀಗೆ ಮತ್ತೆ ಒಳಗೆ ಬರುತ್ತಿತ್ತು. ಅದರ ಬೆನ್ನಿಗೆ ದಾಳಿಕೋರನ ಕೋಡ್, ರೂಟ್ ಆಗಿ. ಪಾಸ್‌ವರ್ಡೇ ಬೇಕಿಲ್ಲ...

ತಮಾಷೆಯೆಂದರೆ, 2013ರಲ್ಲೇ ಒಬ್ಬ ಪ್ರೋಗ್ರಾಮರ್ ತನ್ನ ಬ್ಲಾಗಿನಲ್ಲಿ ಈ ತಪ್ಪಿನ ಬಗ್ಗೆ ಬರೆದಿದ್ದ. ಇದರಿಂದ ದಾಳಿ ಮಾಡುವ ದಾರಿ ಅವನಿಗೆ ಕಾಣಲಿಲ್ಲ. ತಪ್ಪು ಹಾಗೇ ಉಳಿಯಿತು. 2022ರ ಜನವರಿ 25ರಂದು ಕ್ವಾಲಿಸ್ ಸಂಸ್ಥೆಯವರು 'ಪ್ವನ್‌ಕಿಟ್' ಎಂಬ ಹೆಸರಿಟ್ಟು ಬಯಲು ಮಾಡಿದಾಗ ಉಬುಂಟು, ಡೆಬಿಯನ್, ಫೆಡೋರಾ ಎಲ್ಲದರಲ್ಲೂ ಅದಿತ್ತು.

ಪರಿಹಾರ ಸರಳ. ಪೋಲ್‌ಕಿಟ್ ಅಪ್‌ಡೇಟ್ ಮಾಡಿ. ಹಳೇ ಯಂತ್ರದಲ್ಲಿ ಅದಾಗದಿದ್ದರೆ ಪಿಕೆಎಕ್ಸೆಕ್‌ನ ಸೆಟ್‌ಯುಐಡಿ ಗುರುತನ್ನೇ ತೆಗೆದುಬಿಡಿ, ಅಂದರೆ ಅದರ ಪರ್ಮಿಷನ್ 0755 ಮಾಡಿ. ಕರ್ನಲ್ 5.18ರಿಂದ ಈಚೆಗೆ ಖಾಲಿ ಪಟ್ಟಿಯೇ ಒಳಗೆ ಹೋಗದು.

ದಾಳಿಯ ದಾರಿ ಕಾಣದಿದ್ದರೂ ಕಂಡ ತಪ್ಪನ್ನು ಆಗಲೇ ತಿದ್ದಬೇಕು. ಎಂಟು ವರ್ಷ ಮೊದಲೇ ಒಂದು ಬ್ಲಾಗ್ ಹೇಳಿತ್ತು, ಕೇಳುವವರಿರಲಿಲ್ಲ ಅಷ್ಟೇ. ಏನಂತೀರಿ?