ಹಲ್ಲು ಎಣಿಸಿದ ದೇಶ, ಹೊಟ್ಟೆ ನೋಡಿದ ಊರು

ಹುಳುಕು ಹಲ್ಲಿಗೆ ಜಪಾನೀ ಭಾಷೆಯಲ್ಲಿ 'ಮುಶಿಬಾ' ಅಂತಾರೆ. ಮುಶಿ ಅಂದ್ರೆ ಹುಳು. ಅಲ್ಲೂ ನಮ್ಮ ಹಾಗೇ ಹಲ್ಲಿನೊಳಗೆ ಹುಳ ಕೂರಿಸಿದ್ದಾರೆ ನೋಡಿ! ಇದು ಗೊತ್ತಾದ ಖುಷಿಯಲ್ಲಿ ಅವರ ಹಲ್ಲಿನ ಚರಿತ್ರೆ ಓದೋಕೆ ಕೂತವನು ಹೊಟ್ಟೆಯವರೆಗೂ ಇಳಿದೆ.

1957ರಿಂದ ಅಲ್ಲಿನ ಸರಕಾರ ಆರು ವರ್ಷಕ್ಕೊಮ್ಮೆ (ಈಚೆಗೆ ಈ ಅಂತರ ಬದಲಾಗಿದೆ) ಜನರ ಬಾಯಿ ತೆರೆಸಿ ಹಲ್ಲು ಪರೀಕ್ಷಿಸುತ್ತಾ ಬಂದಿದೆ. 80 ವರ್ಷದವರಲ್ಲಿ 20 ಹಲ್ಲು ಉಳಿಸಿಕೊಂಡವರು 1987ರಲ್ಲಿ ಹತ್ತರಲ್ಲಿ ಒಬ್ಬರೂ ಇರಲಿಲ್ಲ. 1989ರಲ್ಲಿ '8020' ಅನ್ನೋ ಆಂದೋಲನ ಶುರುವಾಯಿತು: ಎಂಬತ್ತಕ್ಕೆ ಇಪ್ಪತ್ತು ಹಲ್ಲು. ಅಷ್ಟಿದ್ದರೆ ಹೆಚ್ಚುಕಡಿಮೆ ಎಲ್ಲಾ ಊಟ ಅಗಿಯಬಹುದು ಅನ್ನೋದು ಲೆಕ್ಕ. 2016ರ ಹೊತ್ತಿಗೆ ಈ ಗುರಿ ಮುಟ್ಟಿದವರು ಶೇ. 51.2.

ಹೊಟ್ಟೆಯದು ಇನ್ನೊಂದು ಕಥೆ. ಜಠರದ ಕ್ಯಾನ್ಸರ್ ಅಲ್ಲಿ ಬಹುಕಾಲ ದೊಡ್ಡ ಪಿಡುಗು. 1950ರಲ್ಲಿ ಉಜಿ ತಾತ್ಸುರೊ ಅನ್ನೋ ವೈದ್ಯರು ಒಲಿಂಪಸ್ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ ಗಂಟಲಲ್ಲಿ ಇಳಿಸುವ ಪುಟ್ಟ ಕ್ಯಾಮರಾ ಮಾಡಿದ್ದು ಇದಕ್ಕೇ. 1982ರಲ್ಲಿ ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಕಂಡುಹಿಡಿದ ಮೇಲೆ ಜಪಾನಿನಲ್ಲೂ ಹುಡುಕಾಟ ಶುರು. ಹೊಕ್ಕೈಡೊ ವಿಶ್ವವಿದ್ಯಾಲಯದ ಅಸಾಕ ತಂಡ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆಯಿಲ್ಲದ ಜನರಲ್ಲೂ 1950ಕ್ಕೆ ಮುಂಚೆ ಹುಟ್ಟಿದವರಲ್ಲಿ ಶೇ. 70-80 ಮಂದಿಗೆ ಸೋಂಕಿತ್ತು. ಚಿಕ್ಕವರಲ್ಲಿ ತೀರಾ ಕಡಿಮೆ.

ಇದನ್ನು ನೋಡಿದರೆ ಏನನಿಸುತ್ತೆ? ವಯಸ್ಸಾದಂತೆ ಸೋಂಕು ಅಂಟುತ್ತೆ ಅಂತ ತಾನೇ? ನನಗೂ ಹಾಗೇ ಅನಿಸಿತ್ತು. ಆದರೆ ಇದು ಬಹುಪಾಲು ಎಳವೆಯಲ್ಲೇ ಅಂಟುವ ಸೋಂಕು. ಯುದ್ಧಕ್ಕೆ ಮುಂಚಿನ ನೀರು, ನೈರ್ಮಲ್ಯದಲ್ಲಿ ಬೆಳೆದ ತಲೆಮಾರು ಅದನ್ನು ಹೊತ್ತುಕೊಂಡೇ ಮುದಿಯಾಯಿತು. ಪಟ್ಟಿಯಲ್ಲಿ 'ವಯಸ್ಸು' ಅಂತ ಬರೆದಿದ್ದರೂ ಅದು ನಿಜವಾಗಿ ಹುಟ್ಟಿದ ಇಸವಿ!

ಹಲ್ಲು, ಹೊಟ್ಟೆ ಎರಡನ್ನೂ ಒಂದೇ ದಿನ ಪರೀಕ್ಷಿಸುವ ಅಧ್ಯಯನಗಳ ತೊಡಕು ಇಲ್ಲೇ ಇರೋದು. ಹಲ್ಲು ಕಮ್ಮಿ ಇದ್ದವರಲ್ಲಿ ಜಠರದ ತೊಂದರೆ ಜಾಸ್ತಿ ಕಂಡರೆ, ಅಗಿಯದೆ ನುಂಗಿದ್ದಕ್ಕೋ, ಒಸಡಿನ ರೋಗಕ್ಕೋ, ಅಥವಾ ಇಬ್ಬರೂ 1930ರಲ್ಲಿ ಹುಟ್ಟಿದ್ದಕ್ಕೋ? ವಯಸ್ಸಿನ ಪರಿಣಾಮವನ್ನು ಲೆಕ್ಕದಲ್ಲಿ ಕಳೆಯಬಹುದು, ಕಳೆಯುತ್ತಾರೆ ಕೂಡ. ಆದರೂ ಯಾವುದು ಮೊದಲು ಬಂತು ಅಂತ ಒಂದು ಫೋಟೋ ಹೇಳಲಾರದು.

ಅದಕ್ಕೆ ಹಿಸಾಯಾಮದಂಥ ಊರು ಬೇಕು. ಫುಕುಓಕ ಪ್ರಾಂತ್ಯದ ಈ ಸಣ್ಣ ಊರಿನ ಜನರ ಆರೋಗ್ಯವನ್ನು ಕ್ಯುಶು ವಿಶ್ವವಿದ್ಯಾಲಯ 1961ರಿಂದ ಹಿಂಬಾಲಿಸುತ್ತಿದೆ. 1988ರಲ್ಲಿ ರಕ್ತ ಕೊಟ್ಟವರನ್ನು 9 ವರ್ಷ ಗಮನಿಸಿದಾಗ, ಪೈಲೋರಿ ಇದ್ದ ಗಂಡಸರಲ್ಲಿ ಜಠರದ ಕ್ಯಾನ್ಸರ್ ಇಲ್ಲದವರಿಗಿಂತ ಸುಮಾರು ಎರಡೂವರೆ ಪಟ್ಟು ಬಂತು. ಹೆಂಗಸರಲ್ಲಿ ಆ ವ್ಯತ್ಯಾಸ ಕಾಣಲೇ ಇಲ್ಲ (ಒಂದೇ ಮನೆಯ ಗಂಡ ಹೆಂಡತಿ ಇದ್ದಿರಬಹುದಲ್ಲವೇ ಅಂತ ನಾನು ತಲೆ ಕೆರೆದುಕೊಂಡೆ).

2013ರಲ್ಲಿ, ಪೈಲೋರಿ ಇರುವ ಸಾಮಾನ್ಯ ಗ್ಯಾಸ್ಟ್ರೈಟಿಸ್‌ಗೂ ಅದನ್ನು ಕೊಲ್ಲುವ ಔಷಧಿಯ ಖರ್ಚನ್ನು ಜಪಾನಿನ ಆರೋಗ್ಯ ವಿಮೆ ವಹಿಸಿಕೊಂಡಿತು.